ಹೊಸ್ತಿಲ ಹೊರಗಿನ ಉಪದೇಶಿ

ಮುನವಳ್ಳಿಯ ನಮ್ಮ ಓಣಿಯ ಪ್ರಾರ್ಥನಾಮಂದಿರದ ಕ್ರೈಸ್ತ ಉಪದೇಶಿಯನ್ನು ನಾನು ಎಂದೂ ಪೂರ್ತಿ ನಂಬಿರಲಿಲ್ಲ. ಸಿಕ್ಕವರಿಗೆಲ್ಲ, ಹೆಗಲ ಮೇಲಿನ ವಸ್ತ್ರ ಸರಿಮಾಡುತ್ತ, ಅದೇ ಮಾತು: "ದೇವರು ಬಾಗಲಾ ತೆರದಿಟ್ಟಾನ್ರಿ. ಒಳಗ ಬರೂದು ಬಿಡೂದು ನಿಮ್ಮ ಇಚ್ಛಾ." ಎಲ್ಲವನ್ನೂ ಇಷ್ಟು ಸಲೀಸಾಗಿ ನಮ್ಮ ಇಚ್ಛೆಗೇ ಬಿಡುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲು ಸೇರಿದ ವರ್ಷ ಆತನ ಹೆಂಡತಿ ತೀರಿಕೊಂಡಳು. ಊರಿಗೆ ಮರಳಿದ ಮೇಲೂ ಆತ ಪ್ರಾರ್ಥನೆಯ ಗಂಟೆ ಬಾರಿಸುತ್ತಿದ್ದ, ಬಾಗಿಲು ತೆರೆಯುತ್ತಿದ್ದ. ತಾನು ಮಾತ್ರ ಹೊಸ್ತಿಲ ಹೊರಗೇ ಕೂರುತ್ತಿದ್ದ. ಜನರನ್ನು ಸೆಳೆಯುವ ಹೊಸ ಹೂಟವಿದು ಎಂದುಕೊಂಡು ಕೇಳಿಯೇಬಿಟ್ಟೆ: "ಯಾಕ್ರಿ, ನೀವು ಒಳಗ ಹೋಗೂದಿಲ್ಲೇನ್ರಿ?"

ಆತ ತಿರುಗಿ ಒಳಗಿನ ಕತ್ತಲೆಯನ್ನು ದಿಟ್ಟಿಸಿದ. "ಆಕಿ ಸಾಯೂ ಮುಂದ ದೇವರನ್ನ ಕರದು ಕರದು ನನ್ನ ಗಂಟಲಾ ಆರಿತ್ರಿ. ಅಂವ ಬರಲಿಲ್ಲ. ಬಾಗಲಾ ಅಂತೂ ತೆರದೈತಿ. ಹೊರಗ ಬರೂದು ಬಿಡೂದು ಅವನ ಇಚ್ಛಾ."