ಬಾಯಿ ಬಿಡದೆ ತರಬೇಕಿದ್ದ ನೀರು

ಸ್ವಾತಂತ್ರ್ಯ ಬಂದ ಏಳೆಂಟು ವರ್ಷಕ್ಕೆ ನಾನು ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದೆ. ತಂದದ್ದು ಎರಡು ಸೀರೆ, ಒಂದು ಬಾಯಿ. ಎಡವಿದರೆ 'ಥೂ ಇದ್ರ ಮನೆ ಎಕ್ಕುಟ್ಟೋಗ', ಬೆಚ್ಚಿದರೆ 'ಅಯ್ಯಯ್ಯಪ್ಪೋ', ಹಾಲು ಉಕ್ಕಿದರೆ 'ಎಲಾ ಇದ್ರ'. ಯಾರನ್ನೋ ಬೈಯುವುದಲ್ಲ, ಸೀನು ಬಂದ ಹಾಗೆ ಬರುತ್ತಿತ್ತು.

ಮಾವನ ಲಿಂಗಪೂಜೆಗೆ ಮೀಸಲು ನೀರು ತರುವುದು ಸೊಸೆಯ ಕೆಲಸ. ಬಾವಿಯಿಂದ ದೇವರ ಮೂಲೆಯವರೆಗೆ ತುಟಿ ಬಿಚ್ಚಬಾರದು. ಬಿಚ್ಚಿದರೆ ಆ ನೀರು ಬಾಳೆ ಬುಡಕ್ಕೆ, ನಾನು ಮತ್ತೆ ಬಾವಿಗೆ. ನಮ್ಮ ಬಾಳೆ ಚೆನ್ನಾಗಿ ಬೆಳೆದಿತ್ತು.

ಗೌರಿ ಹಬ್ಬ ಹತ್ತಿರ ಬಂದಾಗ ಅತ್ತೆ ಹೇಳಿದರು: "ಇವತ್ತು ಬಾಯ್ ಬುಡದೆ ನೀರು ತಂದ್ರೆ ನಾಳಿಕೆ ನಿಮ್ಮವ್ವನ ಮನೆಗೆ ಬಸ್ಸತ್ತಿಸ್ತೀನಿ ಕಣಮ್ಮಿ. ಇಲ್ದಿದ್ರೆ ಇಲ್ಲೇ ಬಿದ್ದಿರು."

ಮೊದಲ ಸಲ ಆಡೊಂದು ಸೆರಗು ಜಗಿಯಿತು. 'ಥೂ ಇದ್ರ.' ಎರಡನೇ ಸಲ ಸೈಕಲ್ ಕಲಿಯುವವನೊಬ್ಬ ನನ್ನ ಕಡೆಗೇ ಬಂದು ಬೇಲಿಗೆ ಬಿದ್ದ. ಬಿದ್ದವನು ಸುಮ್ಮನಿದ್ದ, ಕೂಗಿದ್ದು ನಾನು. ಮೂರನೇ ಸಲ ಮನೆಯ ಗಿಡ್ಡ ಬಾಗಿಲಿಗೆ ತಲೆ ಮೇಲಿನ ಕೊಡ ಬಡಿದು ತಣ್ಣನೆ ನೀರು ಬೆನ್ನಿಗಿಳಿಯಿತು. ಆಗ ಏನಂದೆನೋ ಅದನ್ನು ಬರೆಯುವುದಿಲ್ಲ.

ಒಳಗೆ ಮಾವ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಾಯುತ್ತಿದ್ದರು. ಪೂಜೆ ಆಗದೆ ಯಾರಿಗೂ ಮುದ್ದೆ ಇಲ್ಲ. ಅತ್ತೆ ಕೊಡ ಕಿತ್ತುಕೊಂಡರು. "ಬಾ, ಎಂಗೆ ತರ್ತರೆ ಅಂತ ನೋಡ್ಕೊ."

ಹಿಂದೆಯೇ ಹೋದೆ. ತುಂಬಿದ ಕೊಡ ತಲೆಗಿಟ್ಟು, ತುಟಿ ಬಿಗಿದು, ಸಾಕ್ಷಾತ್ ಗೌರಮ್ಮನ ಹಾಗೆ ನಡೆದರು. ಅರ್ಧ ದಾರಿಗೆ ಒಂದು ಕಪ್ಪೆ ನೆಗೆದು ಅವರ ಪಾದದ ಮೇಲೆ ಕೂತಿತು.

"ಥೂ, ನಿನ್ ವಂಶಕ್ಕಿಷ್ಟು ಬೆಂಕಿ ಬೀಳ."

ಕಪ್ಪೆ ಹೋಯಿತು. ಅತ್ತೆ ಆ ಕಡೆ ಈ ಕಡೆ ನೋಡಿದರು. "ಯಾರೂ ಕೇಳುಸ್ಕೊನಿಲ್ವಲ್ಲ?"

"ನಾ ಕೇಳುಸ್ಕೊಂಡೆ ಕಣತ್ತೆ."

ಅವರಿಗೆ ನಗು ಬಂತು. ನಕ್ಕಷ್ಟೂ ಕೊಡ ಕುಣಿಯಿತು, ಕುಣಿದಷ್ಟೂ ನಕ್ಕೆವು. ಉಳಿದ ನೀರು ಚೆಲ್ಲಿ ಇಬ್ಬರೂ ಒದ್ದೆ ಸೀರೆಯಲ್ಲೇ ಬಾವಿಗೆ ಹೋದೆವು. ಈ ಸಲ ಕೊಡ ನನ್ನ ತಲೆಗೆ. ಅತ್ತೆ ಮುಂದೆ ನಡೆದು ಆಡು ಅಟ್ಟಿದರು, ಬಾಗಿಲಲ್ಲಿ ನನ್ನ ಕತ್ತು ಹಿಡಿದು ಬಗ್ಗಿಸಿದರು.

"ನೀರಿಗೋದೋರು ಬಾವಿ ತೋಡ್ಬುಟ್ಟು ಬಂದ್ರಾ?" ಅಂದರು ಮಾವ. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡೆವು. ಕೊಡ ದೇವರ ಮೂಲೆಗೆ ಇಳಿಯಿತು.

ಮರುದಿನ ಬಸ್ಸು ಹತ್ತಿಸುವಾಗ ಅತ್ತೆ ಕಿವಿಯಲ್ಲಿ ಅಂದರು: "ಕಪ್ಪೆ ವಿಸ್ಯ ಅಲ್ಲೆಲ್ಲೂ ಏಳ್ಬ್ಯಾಡ ಕಣಮ್ಮಿ."

ತೆರಕಣಾಂಬಿ ಬರುವಷ್ಟರಲ್ಲಿ ಬಸ್ಸಿನವರಿಗೆಲ್ಲ ಹೇಳಿ ಮುಗಿಸಿದ್ದೆ.