ಎರಡು ಹೆಪ್ಪಿಗೆ ಮದುವೆ ಮಾಡಿಸಿದವನು

ಅತ್ತಿಗೆ, ಅವತ್ತು ನಿಮ್ಮ ಮೊಸರು ಕೆಡಿಸಿದ್ದು ನಾನು. ನಿಮ್ಮ ಕೈಗುಣವಲ್ಲ, ಅಮ್ಮ ಹೇಳಿದ ಯಾವ ದೋಷವೂ ಅಲ್ಲ — ನಾನೇ. ಇಷ್ಟನ್ನು ಬರೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು ನೋಡಿ.

ನಲವತ್ತರ ದಶಕ ಮುಗಿಯುತ್ತಿತ್ತು. ನೀವು ತೂಬಗೆರೆಯಿಂದ ಬೆಂಗಳೂರು ಹತ್ತಿರದ ವಿಜಯಪುರದ ನಮ್ಮ ಮನೆಗೆ ಸೊಸೆಯಾಗಿ ಬಂದ ಹೊಸತು. ನಿಮ್ಮ ತಾಯಿ ಕುಡಿಕೆಯಲ್ಲಿ ಕೊಟ್ಟ ಹೆಪ್ಪೂ ಜೊತೆಗೆ ಬಂದಿತ್ತು. ಅದರ ಮೊಸರು ಗಟ್ಟಿ, ಸಿಹಿ — ಆದರೆ ಚಳಿಗಾಲದಲ್ಲಿ ಮಧ್ಯಾಹ್ನವಾದರೂ ಹೆಪ್ಪುಗಟ್ಟುತ್ತಿರಲಿಲ್ಲ. ಅಮ್ಮನದು ಬೆಳಗಾಗುವಷ್ಟರಲ್ಲಿ ಸಿದ್ಧ. ಬಾಯಿಗಿಟ್ಟರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಅಮ್ಮನ ಸ್ವಭಾವವೂ... ಇರಲಿ.

ನಾನಾಗ ಬೆಂಗಳೂರಿನಲ್ಲಿ ವಿಜ್ಞಾನ ಓದುತ್ತಿದ್ದೆ, ಅಂದರೆ ಮನೆಯಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮೇಷ್ಟ್ರು ಹೊಸ ಸುದ್ದಿ ಹೇಳಿದ್ದರು: ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಬಿಟ್ಟರೆ ಒಂದರ ಗುಣ ಇನ್ನೊಂದಕ್ಕೆ ದಾಟುತ್ತದಂತೆ. ಅವರು ಹೇಳಿದ್ದು ಕರುಳಿನ ಬ್ಯಾಕ್ಟೀರಿಯಾದ ಮಾತು. ಆ ಭಾಗ ನನ್ನ ಕಿವಿಗೆ ಬೀಳಲಿಲ್ಲ — ಬಿದ್ದರೂ ಒಳಗೆ ಹೋಗಲಿಲ್ಲ. ಎರಡು ಹೆಪ್ಪಿಗೂ ಮದುವೆ ಮಾಡಿಸಿ ನಿಮ್ಮದರ ಸಿಹಿ, ಅಮ್ಮನದರ ಚುರುಕು ಎರಡನ್ನೂ ಒಂದೇ ಪಾತ್ರೆಯಲ್ಲಿ ಕಾಣುವ ಆಸೆ ಹುಟ್ಟಿತು.

ರಜೆಗೆ ಮನೆಗೆ ಬಂದವನು ನಿಮ್ಮ ಕುಡಿಕೆಗೆ ಅಮ್ಮನ ಹೆಪ್ಪು ಸುರಿದು ಕಲಸಿಬಿಟ್ಟೆ. ನಿಮ್ಮದನ್ನು ಒಂದು ಚಮಚವಾದರೂ ಎತ್ತಿಡಲಿಲ್ಲ. ಬೆಚ್ಚಗಿರಲೆಂದು ಹಗಲೆಲ್ಲ ರೇಷ್ಮೆಗೂಡು ಬೇಯಿಸುವ ಒಲೆಯ ಪಕ್ಕ ಬಚ್ಚಿಟ್ಟು, ಸಂಜೆ ಅದರ ಜಾಗಕ್ಕೇ ತಂದಿಟ್ಟೆ. ಏನೂ ಅರಿಯದ ನೀವು ಅದನ್ನೇ ಹಾಲಿಗೆ ಹಾಕಿದಿರಿ.

ಮರುದಿನ ನಮ್ಮ ಸೋದರಮಾವ ಊಟಕ್ಕೆ ಬಂದಿದ್ದರು. ನೀವು ಮೊಸರು ಬಡಿಸಲು ಸೌಟು ಎತ್ತಿದರೆ ಪಾತ್ರೆಯ ಮೊಸರೂ ಜೊತೆಯಲ್ಲೇ ಎದ್ದು ಬಂತು. ಲೋಳೆ ಲೋಳೆಯಾಗಿ ಎಳೆ ಹಿಡಿದದ್ದು ಕಡಿಯಲೇ ಇಲ್ಲ. ಮಾವ ರೇಷ್ಮೆ ವ್ಯಾಪಾರಿ. "ಏನಮ್ಮಾ ಇದು, ನೂಲು ತೆಗೀತಿದ್ದೀಯಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮ್ಮ ನಗಲಿಲ್ಲ. "ಈ ಹುಡ್ಗಿ ಕೈಗುಣಾನೇ ಸರಿಯಿಲ್ಲ ಕಣಣ್ಣಾ. ಇನ್ಮೇಲೆ ಇವ್ಳು ಹೆಪ್ಪು ಹಾಕೋದೇ ಬೇಡ."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ — ಅದೇ ನನ್ನ ಪಾಪ. "ಕೈ ಸರಿಯಾಗಿ ತೊಳ್ಕೊಂಡಿಲ್ಲ ಅಂದ್ರೆ ಹಿಂಗೇ ಆಗೋದು ಅಮ್ಮಾ. ಸೈನ್ಸೇ ಹೇಳುತ್ತೆ," ಅಂದೆ. ಅಮ್ಮನ ತೀರ್ಪಿಗೆ ವಿಜ್ಞಾನದ ಮೊಹರೂ ಬಿತ್ತು.

ಆಮೇಲೆ ನೀವು ಹಿತ್ತಿಲಲ್ಲಿ ಕುಡಿಕೆ ತೊಳೆಯುತ್ತಾ ಅಳುತ್ತಿದ್ದಿರಿ. ನಿಮ್ಮ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತವರಿನಲ್ಲಿ ಆ ಹೆಪ್ಪು ಉಳಿಸಿಕೊಂಡವರು ಯಾರೂ ಇರಲಿಲ್ಲ. ನನಗೆ ಅದು ಗೊತ್ತಿತ್ತು.

ಮುಂದೆ ನಾನು ಇದೇ ವಿಷಯ ಪಾಠ ಮಾಡಿ ಸಂಬಳ ತಿಂದೆ. ಒಂದು ಬ್ಯಾಕ್ಟೀರಿಯಾ ಪ್ರೋಟೀನಿನ ಎಳೆ ಚಾಚಿ ಪಕ್ಕದ್ದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಬೇರೊಂದು ಪ್ರೋಟೀನು ಡಿಎನ್‌ಎಯ ಒಂದು ಎಳೆಯನ್ನು ಕತ್ತರಿಸಿ, ಕೈಹಿಡಿದು ಆಚೆಗೆ ದಾಟಿಸುತ್ತದೆ. ಕೊಡುವ ಬ್ಯಾಕ್ಟೀರಿಯಾ ತನ್ನದೊಂದು ಪ್ರತಿ ಉಳಿಸಿಕೊಂಡೇ ಕೊಡುತ್ತದೆ — ಅಷ್ಟು ಬುದ್ಧಿ ಅದಕ್ಕೂ ಇದೆ, ನನಗಿರಲಿಲ್ಲ. ನಿಮ್ಮ ಕುಡಿಕೆಯಲ್ಲಿ ಇಂಥ ಮದುವೆಯೇನೂ ನಡೆದಿರಲಿಕ್ಕಿಲ್ಲ. ಒಲೆಯ ಶಾಖಕ್ಕೆ ಯಾವುದೋ ಕರೆಯದ ನೆಂಟ ಒಳಗೆ ಸೇರಿ ಬೆಳೆದಿರಬೇಕು.

ಅಮ್ಮ ಇರುವವರೆಗೂ ನೀವು ಹಾಲಿಗೆ ಹೆಪ್ಪು ಹಾಕಲಿಲ್ಲ. ಅಮ್ಮ ಹೋದಮೇಲೂ ಹಾಕಲಿಲ್ಲ. ಮೊನ್ನೆ ಮೊಮ್ಮಗಳು ಹೆಪ್ಪು ಹಾಕಿಕೊಡಲು ಕರೆದಾಗ, "ನನ್ ಕೈ ಬೇಡ ಕಣೇ, ಕೆಟ್ಟೋಗುತ್ತೆ" ಅಂದಿರಿ. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಆ ಮಾತನ್ನು ನೀವು ನಂಬಿಯೇಬಿಟ್ಟಿದ್ದೀರಿ, ಅತ್ತಿಗೆ...

ಭಾನುವಾರ ಎಲ್ಲರೂ ಊಟಕ್ಕೆ ಸೇರುತ್ತಾರಲ್ಲ, ಆಗ ಇದನ್ನು ಎದ್ದು ನಿಂತು ಓದುತ್ತೇನೆ. ನಗುವವರು ನನ್ನನ್ನು ನೋಡಿ ನಗಲಿ.