ಮೂವತ್ತೊಂದು ಮಂದಿ ಗಣ್ಯರ ವಾರಾನ್ನ

ನಮ್ಮ ಬಸವನಗುಡಿಯಲ್ಲಿ ಗಣ್ಯರಾಗುವುದು ಕಷ್ಟವೇನಲ್ಲ, ಸತ್ತಿರಬೇಕು, ಅಷ್ಟೆ. ಇದು ವಾದಿರಾಜರಾಯರು ಮಾಡಿದ ನಿಯಮ. ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತರಾದ ಅವರು, ಎಂಬತ್ತರ ಹತ್ತಿರ ಬಂದಮೇಲೆ ಬಸವನಗುಡಿ ಗಣ್ಯರ ಚರಿತ್ರಕೋಶಕ್ಕೆ ಸಂಪಾದಕರಾದರು. ನಾನೂ ಆ ಸಮಿತಿಯಲ್ಲಿದ್ದೆ. ಒಬ್ಬ ನಿವೃತ್ತ ಮೇಷ್ಟ್ರು ಬೇಕೆಂದರು, ಹೋದೆ. ಸಭೆಯಲ್ಲಿ ಕೊಡುತ್ತಿದ್ದ ಕಾಫಿ ಚೆನ್ನಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಇದಕ್ಕೆಲ್ಲ ಮೂಲ ವೇಲ್ಸ್. ಇಂಗ್ಲೆಂಡಿನ ಪಕ್ಕದಲ್ಲಿ ನಮ್ಮ ಮೂರ್ನಾಲ್ಕು ಜಿಲ್ಲೆಗಳಷ್ಟೇ ಇರುವ ಆ ನಾಡಿನ ಪಾದ್ರಿಗಳು, ಪಂಡಿತರು, ಪಾರ್ಲಿಮೆಂಟಿಗೆ ಹೋದವರು, ಎಲ್ಲರ ಬಾಳನ್ನೂ ಬರೆದಿಟ್ಟ ದಪ್ಪನೆಯ ಇಂಗ್ಲಿಷ್ ಕೋಶವೊಂದು ರಾಯರಿಗೆ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತ್ತು. ಆರು ತಿಂಗಳು ಓದಿ ಒಂದು ಸತ್ಯ ಕಂಡುಕೊಂಡರು. "ನೋಡ್ರೀ, ಇವನು ಕಲ್ಲುಗಣಿ ಕೂಲಿಯವನ ಮಗ, ದೊಡ್ಡ ಬೋಧಕನಾದ. ಇವನು ನೇಕಾರನ ಮಗ, ಹೀಬ್ರೂ ಪಂಡಿತನಾದ. ಮೊದಲ್ನೇ ಪ್ಯಾರಾದಲ್ಲಿ ಕಷ್ಟ ಇಲ್ದೆ ಒಬ್ಬ ಗಣ್ಯನೂ ಇಲ್ಲ!" ಎಂದರು.

ಬಸವನಗುಡಿಗೆ ಕಲ್ಲುಗಣಿ ಎಲ್ಲಿಂದ ತರುವುದು? ರಾಯರು ವಾರಾನ್ನ ತಂದರು. ಹಿಂದೆ ಹಳ್ಳಿಗಳಿಂದ ಓದಲು ಬಂದ ಬಡ ಬ್ರಾಹ್ಮಣ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರವಿಡೀ ಉಂಡುಕೊಂಡು ಓದುತ್ತಿದ್ದರಲ್ಲ, ಅದು. ಮೊದಲು ಒಬ್ಬ ವಕೀಲರ ಚರಿತ್ರೆಗೆ, ಮಂಗಳವಾರ ಒಂದು ಮಾಧ್ವರ ಮನೆಯಲ್ಲಿ ಉಂಡು ಓದಿದರೆಂದು ಹಾಕಿದರು. ವಕೀಲರ ಅಪ್ಪ ಅಮಲ್ದಾರರು. ಮನೆಯಲ್ಲಿ ಇಬ್ಬರು ಅಡುಗೆಯವರಿದ್ದರು. ಆದರೂ ಆ ಸಾಲು ಓದಿ ವಕೀಲರ ಮಗಳು ಕಣ್ಣೊರೆಸಿಕೊಂಡರು. "ಅಪ್ಪ ನಮಗೆ ಇದನ್ನ ಹೇಳೇ ಇರ್ಲಿಲ್ಲ" ಎಂದರು. ಹೇಗೆ ಹೇಳಿಯಾರು, ಪಾಪ.

ಸುದ್ದಿ ಹಬ್ಬಿತು. ಚರಿತ್ರೆ ಬರೆಸಲು ಬಂದ ಮನೆಯವರೆಲ್ಲ ತಮ್ಮ ಹಿರಿಯರಿಗೆ ವಾರಾನ್ನ ಕೇಳತೊಡಗಿದರು. ಸಂಸ್ಕೃತ ಪಂಡಿತರಿಗೆ ವಾರಾನ್ನ, ಮಠದ ಪಾರುಪತ್ಯ ನೋಡಿಕೊಂಡವರಿಗೆ ವಾರಾನ್ನ, ಮೂರು ಸಲ ಕಾರ್ಪೊರೇಷನ್ನಿಗೆ ಗೆದ್ದವರಿಗೂ ವಾರಾನ್ನ. ಸಮಿತಿಯ ಅಧ್ಯಕ್ಷ ಶಿವರುದ್ರಪ್ಪನವರು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ಸಗಟು ವ್ಯಾಪಾರಿಗಳು, ಲಿಂಗಾಯತರು. ಅವರೂ ಒಂದು ದಿನ, "ನಮ್ಮ ತಂದೆಯವರಿಗೂ ಒಂದು ಮಂಗಳವಾರ ಹಾಕ್ಬಿಡಿ ರಾಯರೇ" ಎಂದರು.

ನಾನು ಸುಮ್ಮನಿರಲಾರದೆ, "ಸ್ವಾಮಿ, ಆ ಕಾಲದಲ್ಲಿ ನಿಮ್ಮ ತಂದೆ ಮಾಧ್ವರ ಮನೇಲಿ ಉಂಡಿದ್ರೆ ಎರಡೂ ಕಡೆಯವ್ರು ಜಗಳಕ್ಕೆ ಬರ್ತಿದ್ರು" ಎಂದೆ.

"ಈಗ ಯಾರೂ ಬರಲ್ಲ ಬಿಡಿ ಮೇಷ್ಟ್ರೇ" ಎಂದು ಶಿವರುದ್ರಪ್ಪನವರು ನಕ್ಕರು. ರಾಯರು ಹಾಕಿಯೇಬಿಟ್ಟರು.

ಒಟ್ಟು ಮೂವತ್ತೊಂದು ಮಂದಿ. ಅಷ್ಟೂ ಜನ ಮಂಗಳವಾರ ಗವಿಪುರದ ಒಂದೇ ಮನೆಯಲ್ಲಿ, ಅದೇ ಹಿಂಬಾಗಿಲ ಹತ್ತಿರ ಕೂತು, ಅದೇ ಹೀರೇಕಾಯಿ ಹುಳಿ ಉಂಡಿದ್ದರು. ಬಡಿಸಿದವರು 'ಒಬ್ಬ ಮಹಾತಾಯಿ'. ಸುಳ್ಳು ಬರೆಯುವುದೇ ಆದರೆ ನಾಲ್ಕು ಬೇರೆ ಬೇರೆ ಮನೆ ಕಟ್ಟಲು ಈ ಮನುಷ್ಯನಿಗೇನು ರೋಗ ಎಂದು ನನಗೆ ರೇಗಿತು. ಗವಿಪುರದಲ್ಲಿ ಹಾಗೆ ಊಟ ಹಾಕುತ್ತಿದ್ದ ಮನೆಯೆಂದರೆ ನರಸಮ್ಮನವರದು. ಆಕೆಗೆ ಈಗ ಎಂಬತ್ತೊಂಬತ್ತು. ಕರಡು ಹಿಡಿದು ಹೋಗಿ ಎಲ್ಲ ಹೆಸರುಗಳನ್ನೂ ಓದಿ ಹೇಳಿದೆ.

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವರಲ್ಲಿ ಅರ್ಧ ಜನಕ್ಕೆ ನಾನು ಹುಟ್ಟೋ ಮುಂಚೇನೇ ಮೀಸೆ ಬಂದಿತ್ತಲ್ಲಪ್ಪ! ಮಂಗಳವಾರ ಬರ್ತಿದ್ದವನು ಒಬ್ನೇ, ನಿಮ್ಮ ವಾದಿರಾಜ. ನಾಲ್ಕು ವರ್ಷ ಬಂದ. ಹೀರೇಕಾಯಿ ಹುಳಿ ಅಂದ್ರೆ ಪ್ರಾಣ ಬಿಡೋನು." ಆಮೇಲೆ ನಗು ನಿಂತಿತು. "ಈಗ ಎದುರಿಗೆ ಸಿಕ್ರೆ ಗುರುತಿಲ್ಲದವನ ಹಾಗೆ ನಮಸ್ಕಾರ ಹಾಕಿ ಹೋಗ್ತಾನೆ. ನಾನಿರೋವಾಗ್ಲೇ ಒಂದ್ಸಲ, ನಿಮ್ಮನೇಲಿ ಉಂಡಿದ್ದೆ ಅಂತ ಅವನ ಬಾಯಲ್ಲಿ ಕೇಳ್ಬೇಕು ನಂಗೆ" ಎಂದರು.

ನಾನು ದಂಗಾದೆ. ಕೋಶದ ಕೊನೆಯ ಪುಟದಲ್ಲಿ ಸಂಪಾದಕರು ತಮ್ಮ ಬಗ್ಗೆ ಬರೆದುಕೊಂಡಿದ್ದ ಮೊದಲ ಸಾಲೇ 'ಅನುಕೂಲಸ್ಥ ಮನೆತನದಲ್ಲಿ ಜನಿಸಿ' ಎಂದಿತ್ತು. ಉಣ್ಣದವರಿಗೆಲ್ಲ ಧಾರಾಳವಾಗಿ ಬಡಿಸಿ, ಉಂಡ ತಾವು ಬಾಯಿ ಒರೆಸಿಕೊಂಡು ಕೂತಿದ್ದರು! ಚೆನ್ನಾಗಿ ಬೈಯಬೇಕೆಂದೇ ಅವರ ಮನೆಗೆ ಹೋಗಿ ಕೇಳಿದೆ.

ರಾಯರು ಅಲ್ಲಗಳೆಯಲಿಲ್ಲ. "ಅವರಿಗೆಲ್ಲ ಅದು ಅಲಂಕಾರ ಕಣ್ರೀ. ನಂಗೆ ಹಸಿವು. ಮನೆಯವರೆಲ್ಲ ಉಂಡು ಏಳೋವರ್ಗೂ ಹಿಂಬಾಗಿಲಲ್ಲಿ ಕಾಯ್ತಿದ್ದೆ. ಆ ಅಮ್ಮ ಒಂದಿನಾನೂ ಮುಖ ಸಿಂಡರಿಸಿದವರಲ್ಲ, ನಾಚಿಕೆ ನಂದೇ. ನನ್ನ ಹೆಂಡ್ತಿಗೂ ಹೇಳಿಲ್ಲ" ಎಂದರು. ಬೈಯಲು ಬಂದವನಿಗೆ ಸಂಕಟವಾಯಿತು.

"ಆಕೆ ಕಾಯ್ತಿದಾರೆ. ಬಿಡುಗಡೆ ದಿನ ಹೇಳ್ಬಿಡಿ" ಎಂದಷ್ಟೇ ಹೇಳಿ ಬಂದೆ.

ಬಿಡುಗಡೆ ಒಂದು ಭಾನುವಾರ ಬೆಳಿಗ್ಗೆ, ಕಲ್ಯಾಣ ಮಂಟಪದಲ್ಲಿ. ನರಸಮ್ಮನವರನ್ನು ನಾನೇ ಆಟೋದಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಗಣ್ಯರ ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಂತು, ತಮ್ಮ ಹಿರಿಯರ ಮಂಗಳವಾರದ ಊಟ ನೆನೆದು ಗದ್ಗದರಾದರು. ಹನ್ನೆರಡನೆಯವರ ಹೊತ್ತಿಗೆ ಸಭೆಯ ಕಣ್ಣೆಲ್ಲ ಊಟದ ಹಾಲ್ ಕಡೆಗಿತ್ತು. ಕೊನೆಗೆ ರಾಯರು ಎದ್ದರು. ಮೈಕಿನ ಮುಂದೆ ಬಂದು ನಿಂತರು.

"ನಾನು ವಾರಾನ್ನ ಉಂಡು ಓದಿದವನು. ಗವಿಪುರದಲ್ಲಿ, ಮಂಗಳವಾರ. ಊಟ ಹಾಕಿದ ತಾಯಿ ನರಸಮ್ಮನವರು. ಇಲ್ಲೇ ಮುಂದೆ ಕೂತಿದಾರೆ" ಎಂದರು. ಅರವತ್ತು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು. ನನ್ನ ಕಣ್ಣು ತುಂಬಿತು.

ಸಭೆ ಚಪ್ಪಾಳೆ ತಟ್ಟಿತು, ಹಿಂದಿನ ಒಬ್ಬೊಬ್ಬರಿಗೂ ತಟ್ಟಿದಷ್ಟೇ. ಯಾರೋ ಆಕಳಿಸಿದರು. ಶಿವರುದ್ರಪ್ಪನವರು ನನ್ನ ಕಿವಿಯ ಹತ್ತಿರ ಬಾಗಿ, "ರಾಯರು ತಮಗೂ ಒಂದು ಹಾಕ್ಕೊಂಬಿಟ್ರು ನೋಡಿ" ಎಂದು ನಕ್ಕರು.

ರಾಯರು ವೇದಿಕೆಯಿಂದ ಇಳಿದು ಬಂದು ನರಸಮ್ಮನವರ ಕಾಲು ಮುಟ್ಟಿದರು. ಆಕೆ ಅವರ ತಲೆಯ ಮೇಲೆ ಕೈಯಿಟ್ಟು, "ಹೇಳಿದ್ಯಲ್ಲ, ನಂಗಷ್ಟು ಸಾಕು. ಆದ್ರೆ ಯಾರೂ ನಂಬ್ಲಿಲ್ಲ ಕಣೋ" ಎಂದರು.

"ನಂಬೋಕೆ ನಾನೇ ಏನೂ ಉಳಿಸಿಲ್ಲಮ್ಮ" ಎಂದರು ರಾಯರು.